ಗಡಿನಾಡಿನ ಹೋಟೆಲುಗಳಲ್ಲಿ ಉಣ್ಣುವುದು, ಉಂಡದ್ದನ್ನು ಪ್ರಾಮಾಣಿಕವಾಗಿ ಬರೆಯುವುದು: ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಚಂದ್ರಗಿರಿ ಹೊಳೆಯ ಉತ್ತರಕ್ಕೆ ಹುಟ್ಟಿ ಬೆಳೆದ ನನ್ನಂಥವರ ನಾಲಿಗೆಗೆ ಸಾಂಬಾರಿನಲ್ಲಿ ಬೆಲ್ಲದ ಒಂದು ಚೂರು ಬೇಕೇ ಬೇಕು. ಕೆಲವು ವರ್ಷಗಳ ಹಿಂದೆ ಹೊಳೆಯ ದಕ್ಷಿಣಕ್ಕಿರುವ ಹೊಸದುರ್ಗದ ಒಂದು ಊಟದ ಹೋಟೆಲಿನಲ್ಲಿ ಉಂಡು ಬಂದು, ಅಲ್ಲಿನ ಸಾಂಬಾರಿಗೆ ಬೆಲ್ಲ ಹಾಕಲು ಮರೆತಿದ್ದಾರೆ, ಹದ ತಪ್ಪಿದೆ ಎಂದು ಬರೆದಿದ್ದೆ. ಆ ಊರಿನವರೇ ಆದ ಪರಿಚಯದ ಹಿರಿಯರೊಬ್ಬರು ಅದನ್ನು ಓದಿ, "ನಮ್ಮ ಕಡೆಯ ಸಾಂಬಾರಿಗೆ ಬೆಲ್ಲ ಹಾಕುವ ಕ್ರಮವೇ ಇಲ್ಲ, ಅವರು ಮರೆಯುವುದೆಂತು?" ಎಂದು ಕೇಳಿದರು. ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ. ನನಗೆ ಅನಿಸಿದ್ದನ್ನೇ ಬರೆದಿದ್ದೆ. ಆದರೂ ಆ ಬರಹ ಆ ಅಡುಗೆಯವರಿಗೆ ಅನ್ಯಾಯ ಮಾಡಿತ್ತು. ನಾಲಿಗೆಗೆ ಅನಿಸಿದ್ದನ್ನು ಹಾಗೆಯೇ ಹೇಳಿಬಿಡುವುದು ಪ್ರಾಮಾಣಿಕತೆಯ ಅರ್ಧಭಾಗ ಮಾತ್ರ, ಆ ಅಡುಗೆ ಏನಾಗಲು ಹೊರಟಿತ್ತು ಎಂಬುದನ್ನು ತಿಳಿದು ಅದಕ್ಕೆ ತಕ್ಕಂತೆ ತೂಗುವುದು ಉಳಿದ ಅರ್ಧ ಎಂಬುದು ನನಗೆ ಅಂದು ಮನದಟ್ಟಾಯಿತು. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ತಿಳಿವಳಿಕೆಯಿಂದ ಹುಟ್ಟಿದ್ದು.

ಮೊದಲ ಕೆಲಸ: ಯಾರ ಅಡುಗೆಮನೆ ಎಂದು ಗುರುತಿಸುವುದು

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ತಾಲೂಕಾಗಿದ್ದು, ಅಂದು ಕೇರಳಕ್ಕೆ ಸೇರಿ, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ನೆಲದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮೊದಲಾದ ಭಾಷೆಗಳು ಹೇಗೆ ಒಂದೇ ಬೀದಿಯಲ್ಲಿ ಕೇಳಿಸುತ್ತವೆಯೋ ಹಾಗೆಯೇ ಅವುಗಳ ಅಡುಗೆಮನೆಗಳೂ ಒಂದರ ಪಕ್ಕ ಒಂದು ಹೊಗೆಯಾಡುತ್ತವೆ. ಬಸ್‌ಸ್ಟ್ಯಾಂಡಿನ ಬಳಿ ಉಡುಪಿ ಮಾದರಿಯ ಸಸ್ಯಾಹಾರಿ ಹೋಟೆಲು, ಅದರಾಚೆಗೆ ಪರೋಟ ಮತ್ತು ಬಿರಿಯಾನಿಯ ಮಾಪಿಳ್ಳೆ ಹೋಟೆಲು, ಎದುರಿಗೆ ಮೀನೂಟದ ಹೋಟೆಲು, ಒಳದಾರಿಯಲ್ಲಿ ಕೋಳಿ ಸುಕ್ಕ ಮತ್ತು ನೀರ್‌ದೋಸೆ ಕೊಡುವ ತುಳುವರ ಹೋಟೆಲು. ಒಳಗೆ ಕಾಲಿಡುವ ಮೊದಲೇ ಇದು ಯಾವ ಪರಂಪರೆಯ ಅಡುಗೆ ಎಂದು ತಿಳಿದುಕೊಳ್ಳಬೇಕು. ಬೋರ್ಡಿನಿಂದ ತಿಳಿಯದಿದ್ದರೆ ಗಲ್ಲೆಯಲ್ಲಿ ಕುಳಿತವರನ್ನು ಕೇಳಿದರೆ ಸಾಕು. ಅಡುಗೆಯವರು ಯಾವ ಕಡೆಯವರೆಂದು ಸಂತೋಷದಿಂದಲೇ ಹೇಳುತ್ತಾರೆ.

ಈ ಗುರುತು ಇಲ್ಲದೆ ಬರೆದರೆ ಆಗುವ ತಪ್ಪಿಗೆ ಬಿರಿಯಾನಿಯೇ ಒಳ್ಳೆಯ ಉದಾಹರಣೆ. ನಮ್ಮ ಕಡೆಯ ಮಾಪಿಳ್ಳೆ ಬಿರಿಯಾನಿಯನ್ನು ಸಾಮಾನ್ಯವಾಗಿ ಜೀರಕಶಾಲೆ ಎಂಬ ಸಣ್ಣಕಾಳಿನ ಸುವಾಸನೆಯ ಅಕ್ಕಿಯಿಂದ ಮಾಡುತ್ತಾರೆ. ಅನ್ನವನ್ನೂ ಮಾಂಸದ ಮಸಾಲೆಯನ್ನೂ ಬೇರೆ ಬೇರೆ ಬೇಯಿಸಿ, ಪದರ ಪದರವಾಗಿ ಹರಡಿ, ಮುಚ್ಚಳ ಬಿಗಿದು ದಮ್ಮಿಗೆ ಇಡುತ್ತಾರೆ. ಅನ್ನ ಬಿಳಿಯಾಗಿರುವುದು, ಖಾರ ಮಿತವಾಗಿರುವುದು, ಮಸಾಲೆ ತಳದಲ್ಲಿರುವುದು ಇಲ್ಲಿ ದೋಷಗಳಲ್ಲ. ಉದ್ದಕಾಳಿನ ಬಾಸುಮತಿಯ ಹೈದರಾಬಾದಿ ಬಿರಿಯಾನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಸಪ್ಪೆ ಎನ್ನುವವರು ನಿಜವಾದ ದೋಷಗಳನ್ನು ಕಾಣುವುದೇ ಇಲ್ಲ. ಅನ್ನ ಮುದ್ದೆಯಾಗಿದೆಯೇ, ಹುರಿದ ಈರುಳ್ಳಿ ಕಪ್ಪಾಗಿ ಕಹಿಯಾಗಿದೆಯೇ, ದಮ್ಮಿನ ಪರಿಮಳ ಅನ್ನಕ್ಕೆ ಏರಿದೆಯೇ ಅಥವಾ ಬಿಳಿ ಅನ್ನದ ಮೇಲೆ ಸಾರು ಸುರಿದು ಕೊಟ್ಟಿದ್ದಾರೆಯೇ, ಕೋಳಿಯ ತುಂಡಿನ ಒಳಭಾಗಕ್ಕೆ ಉಪ್ಪು ಇಳಿದಿದೆಯೇ ಎಂಬುವು ಅಲ್ಲಿ ನೋಡಬೇಕಾದ ಸಂಗತಿಗಳು.

ಹೊತ್ತು ಮತ್ತು ಋತು

ಒಂದೇ ಹೋಟೆಲು ಮಧ್ಯಾಹ್ನ ಹನ್ನೆರಡೂವರೆಗೆ ಒಂದು, ಮೂರು ಗಂಟೆಗೆ ಇನ್ನೊಂದು. ಊಟದ ಹೋಟೆಲಿನಲ್ಲಿ ಮೊದಲ ಪಂಕ್ತಿಯ ಸಾರಿಗೂ ಕೊನೆಯ ಪಂಕ್ತಿಯ ಸಾರಿಗೂ ಅಂತರವಿರುತ್ತದೆ. ತಡವಾಗಿ ಹೋದವರು ತಳದ ಪಲ್ಯವನ್ನು ಉಂಡು, ಹೊತ್ತನ್ನು ತಿಳಿಸದೆ ತೀರ್ಪು ಬರೆಯಬಾರದು. ಗೋಳಿಬಜೆಯನ್ನು ಸಂಜೆ ನಾಲ್ಕರ ಸುಮಾರಿಗೆ ಮೊದಲ ಬಾಣಲೆ ಇಳಿಯುವಾಗಲೇ ತಿನ್ನಬೇಕು. ರಂಜಾನ್ ತಿಂಗಳಿನಲ್ಲಿ ಅನೇಕ ಹೋಟೆಲುಗಳು ಹಗಲು ಮುಚ್ಚಿರುತ್ತವೆ. ಸಂಜೆಯ ಬಳಿಕ ಸಿಗುವ ತಿಂಡಿಗಳ ಬಗೆಯೇ ಬೇರೆ.

ಮೀನಿನ ವಿಷಯದಲ್ಲಿ ಋತುವಿನ ಲೆಕ್ಕ ಇನ್ನೂ ಮುಖ್ಯ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಸಾಂಪ್ರದಾಯಿಕ ದೋಣಿಗಳಿಗೆ ಈ ನಿಷೇಧ ಅನ್ವಯಿಸದಿದ್ದರೂ, ಮಳೆಗಾಲದ ಕಡಲು ಅವುಗಳನ್ನು ದಿನವೂ ಒಳಗೆ ಬಿಡುವುದಿಲ್ಲ. ಹೀಗಾಗಿ ಆ ದಿನಗಳಲ್ಲಿ ಹೋಟೆಲಿಗೆ ಬರುವ ದೊಡ್ಡ ಮೀನು ಬಹುಮಟ್ಟಿಗೆ ದೂರದಿಂದ ಮಂಜುಗಡ್ಡೆಯಲ್ಲಿ ಬಂದದ್ದಾಗಿರುತ್ತದೆ. ಜುಲೈ ತಿಂಗಳಲ್ಲಿ ಅಂಜಲ್ ಫ್ರೈ ತರಿಸಿ, ಮಾಂಸ ಹಿಟ್ಟಿನಂತಿದೆ ಎಂದು ದೂರುವುದಕ್ಕಿಂತ "ಇವತ್ತು ಕಡಲಿನಿಂದ ಬಂದ ಮೀನು ಯಾವುದು?" ಎಂದು ಕೇಳಿ, ಹೇಳಿದ್ದನ್ನು ತರಿಸುವುದು ಲೇಸು. ಮಳೆ ಹಿಂದೆ ಸರಿದ ಮೇಲೆ ಕೊಬ್ಬು ತುಂಬಿ ಬರುವ ಬೂತಾಯಿಯ ರುಚಿ ಬೇಸಗೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಮೀನಿನ ಬಗ್ಗೆ ಬರೆಯುವಾಗ ತಿಂಗಳನ್ನು ಬರೆಯದೆ ಬಿಡಬಾರದು.

ಒಳಗೆ ಹೋದ ಮೇಲೆ ನೋಡಬೇಕಾದದ್ದು

ಕೈ ತೊಳೆಯುವ ಜಾಗದಿಂದ ಪ್ರಾರಂಭಿಸಿ. ಅಲ್ಲಿ ಸಾಬೂನು ಇದೆಯೇ, ನೀರು ನಿಂತು ನಾರುತ್ತಿದೆಯೇ ಎಂಬುದರಿಂದ, ಗಿರಾಕಿಗೆ ಕಾಣಿಸದ ಒಳಮನೆಯನ್ನು ಅವರು ಹೇಗೆ ಇಟ್ಟುಕೊಂಡಿರಬಹುದೆಂದು ಸುಮಾರಾಗಿ ಊಹಿಸಬಹುದು. ಆದರೆ ಊಹೆಯನ್ನು ಊಹೆಯಾಗಿಯೇ ಇಟ್ಟುಕೊಳ್ಳಬೇಕು. ಬರಹದಲ್ಲಿ ಕಣ್ಣಾರೆ ಕಂಡದ್ದು ಮಾತ್ರ ಇರಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕೆಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಬೇಕೆಂಬ ನಿಯಮವಿದೆ. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಅದು ಇರಬೇಕು. ಕುಡಿಯಲು ಕೊಡುವ ನೀರು ಗುಲಾಬಿ ಬಣ್ಣದ್ದಾಗಿದ್ದರೆ ಹೊರಗಿನಿಂದ ಬಂದ ಓದುಗರು ಗಾಬರಿಯಾಗಬಹುದು. ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು ಎಂದು ಒಂದು ಮಾತು ಬರೆದರೆ ಅವರಿಗೆ ಉಪಕಾರವಾಗುತ್ತದೆ.

ಎಣ್ಣೆಯನ್ನು ಮೂಗಿನಿಂದ ತಿಳಿಯಬೇಕು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗುತ್ತದೆ, ಮಂದವಾಗುತ್ತದೆ, ನೊರೆಗಟ್ಟುತ್ತದೆ, ಮತ್ತು ಅದರಲ್ಲಿ ಕರಿದ ತಿಂಡಿಗೆ ಗಂಟಲು ಹಿಡಿಯುವ ಒಂದು ಕಮಟು ಬರುತ್ತದೆ. ಕರಿಯುವ ಎಣ್ಣೆಯಲ್ಲಿ ಕಾಯಿಸಿದಷ್ಟೂ ಹೆಚ್ಚುವ, ಪೋಲಾರ್ ಸಂಯುಕ್ತಗಳೆಂದು ಕರೆಯುವ ಅಂಶ ಶೇಕಡಾ 25ನ್ನು ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈಯಿಂದ ನಿಯಮವಿದೆ. ಅದನ್ನು ಅಳೆಯುವ ಉಪಕರಣ ನಮ್ಮ ಕೈಯಲ್ಲಿಲ್ಲ. ಕಮಟನ್ನು ಗುರುತಿಸುವ ಮೂಗು ಇದೆ. ಹಳೆಯ ಎಣ್ಣೆಯ ಕಮಟನ್ನೂ ಹೊಸ ತೆಂಗಿನೆಣ್ಣೆಯ ಸಹಜ ಘಮವನ್ನೂ ಒಂದೇ ಎಂದು ತಿಳಿಯುವವರು ಘಟ್ಟದ ಮೇಲಿನಿಂದ ಬರುವವರಲ್ಲಿ ಅನೇಕರಿದ್ದಾರೆ. ನಾವು ಆ ವ್ಯತ್ಯಾಸವನ್ನು ಅವರಿಗೆ ಹೇಳಿಕೊಡಬೇಕು.

ತರಿಸುವ ಕ್ರಮ

ಪಟ್ಟಿಯಲ್ಲಿ ಇರುವುದೆಲ್ಲವನ್ನೂ ಆ ಹೋಟೆಲು ಚೆನ್ನಾಗಿ ಮಾಡುತ್ತದೆ ಎಂದು ಎಣಿಸಬಾರದು. ಸುತ್ತಲಿನ ಮೇಜುಗಳಲ್ಲಿ, ವಿಶೇಷವಾಗಿ ದಿನವೂ ಬರುವವರಂತೆ ಕಾಣುವವರ ಮುಂದೆ ಏನಿದೆ ಎಂದು ನೋಡಿ, ಅದನ್ನೇ ತರಿಸಿ. ಅದರ ಜೊತೆಗೆ ಅತಿ ಸರಳವಾದ ಒಂದು ಪದಾರ್ಥವೂ ಇರಲಿ. ಬರಿಯ ಇಡ್ಲಿ, ಚಟ್ನಿ, ಅನ್ನ, ಸಾರು, ಮಜ್ಜಿಗೆ ಇವುಗಳಲ್ಲಿ ಮಸಾಲೆಯ ಹಿಂದೆ ಅಡಗಿಕೊಳ್ಳಲು ಜಾಗವಿಲ್ಲ. ನಾನು ಹೊಸ ಹೋಟೆಲಿನಲ್ಲಿ ಚಟ್ನಿಗೆ ಕೊಡುವಷ್ಟು ಗಮನವನ್ನು ಬೇರಾವುದಕ್ಕೂ ಕೊಡುವುದಿಲ್ಲ. ಇಬ್ಬರು ಮೂವರು ಹೋದರೆ ಬೇರೆ ಬೇರೆ ತರಿಸಿ ಹಂಚಿಕೊಳ್ಳಬಹುದು. ಬರೆಯಲು ಬಂದಿದ್ದೇನೆ ಎಂದು ಮಾತ್ರ ಹೇಳಕೂಡದು. ಹೇಳಿದ ಕೂಡಲೇ ಬಾಳೆಲೆ ದೊಡ್ಡದಾಗುತ್ತದೆ, ಮೀನಿನ ತುಂಡು ದಪ್ಪಗಾಗುತ್ತದೆ. ಓದುಗನಿಗೆ ನಾಳೆ ಸಿಗದ ಊಟದ ವರ್ಣನೆ ಅವನಿಗೆ ಬೇಕಾಗಿಲ್ಲ. ಹಣವನ್ನು ನಾವೇ ಕೊಡಬೇಕು. ಪರಿಚಯದ ಮಾಲಕರು ಒತ್ತಾಯದಿಂದ ಬೇಡವೆಂದರೆ, ಒಂದೋ ಆ ಊಟದ ಬಗ್ಗೆ ಬರೆಯದಿರಬೇಕು, ಇಲ್ಲವೆ ಅವರು ಹಣ ತೆಗೆದುಕೊಳ್ಳಲಿಲ್ಲವೆಂದು ಮೊದಲ ಸಾಲಿನಲ್ಲಿಯೇ ತಿಳಿಸಬೇಕು.

ಪಟ್ಟಿ ಮಲಯಾಳದಲ್ಲಿ ಇದ್ದಾಗ ಕನ್ನಡ ಓದುಗರಿಗೆ ಎರಡೂ ಹೆಸರುಗಳನ್ನು ಕೊಡುವುದು ನಮ್ಮ ಕರ್ತವ್ಯ. ಮತ್ತಿ ಎಂದರೆ ಬೂತಾಯಿ, ಅಯಲ ಎಂದರೆ ಬಂಗುಡೆ, ಕಪ್ಪ ಎಂದರೆ ಮರಗೆಣಸು. ಉಪ್ಪೇರಿ ಎಂಬ ಮಾತಿನಲ್ಲಿ ಎಚ್ಚರ ಬೇಕು: ತೆಂಕಣ ಕೇರಳದಲ್ಲಿ ಅದು ಬಾಳೆಕಾಯಿಯ ಚಿಪ್ಸ್, ಇಲ್ಲಿ ಮತ್ತು ಕಣ್ಣೂರಿನ ಕಡೆ ಅನ್ನದ ಜೊತೆ ಬಡಿಸುವ ಪಲ್ಯ.

ಉಣ್ಣುವಾಗ

ಪದಾರ್ಥ ಬಂದ ಕೂಡಲೇ ಅದರ ಬಿಸಿಯನ್ನು ಗಮನಿಸಿ, ಮೊದಲ ತುತ್ತನ್ನು ಬೇರೆ ಯಾವುದನ್ನೂ ಕಲಸದೆ ಬಾಯಿಗಿಡಬೇಕು. ಚಿತ್ರ ತೆಗೆಯುವುದಿದ್ದರೆ ಅರೆನಿಮಿಷದಲ್ಲಿ ಮುಗಿಸಬೇಕು, ಏಕೆಂದರೆ ನೀರ್‌ದೋಸೆಯೂ ಪರೋಟವೂ ನಮಗಾಗಿ ಕಾಯುವುದಿಲ್ಲ. ಹುದುಗು ಬರಿಸದೆ, ನೀರಾಗಿ ಕಲಸಿದ ಅಕ್ಕಿಹಿಟ್ಟನ್ನು ಕಾದ ಕಾವಲಿಗೆ ಎರಚಿ, ಮುಚ್ಚಿ, ಒಂದೇ ಬದಿಯಲ್ಲಿ ಬೇಯಿಸುವ ನೀರ್‌ದೋಸೆ ಬಿಸಿಯಿರುವಾಗ ಬಟ್ಟೆಯಂತೆ ಮಡಚಿಕೊಳ್ಳುತ್ತದೆ ಮತ್ತು ಮಡಿಕೆ ಬಿಡಿಸಿದರೆ ಹರಿಯದೆ ಬರುತ್ತದೆ. ಮೊದಲೇ ಮಾಡಿ ಒಂದರ ಮೇಲೊಂದು ಒಟ್ಟಿ ಇಟ್ಟದ್ದು ಅಂಟಿಕೊಂಡಿರುತ್ತದೆ, ಆರಿದ ಮೇಲೆ ರಬ್ಬರಿನಂತೆ ಎಳೆಯುತ್ತದೆ. ಈ ಎರಡರ ನಡುವಿನ ಅಂತರ ಹಿಟ್ಟಿನದ್ದಲ್ಲ, ಕಾವಲಿಯಿಂದ ತಟ್ಟೆಗೆ ಬರಲು ಹಿಡಿದ ಹೊತ್ತಿನದ್ದು. ಬರೆಯುವಾಗ ದೋಷವನ್ನು ಸರಿಯಾದ ಜಾಗದಲ್ಲಿ ತೋರಿಸಬೇಕು.

ಊಟದಲ್ಲಿ ಬಡಿಸುವವರು "ಬೆಳ್ತಿಗೆಯೋ, ಕುಚ್ಚಲಕ್ಕಿಯೋ?" ಎಂದು ಕೇಳಿದರೆ ಮೀನಿನ ಸಾರಿಗೆ ಕುಚ್ಚಲಕ್ಕಿಯನ್ನೇ ಆರಿಸಿ. ಅದರ ಅಗುಳು ಬಿಡಿಬಿಡಿಯಾಗಿರಬೇಕು, ಹಲ್ಲಿಗೆ ಸ್ವಲ್ಪ ಸಿಕ್ಕಬೇಕು, ಆದರೆ ನಡುವೆ ಗಟ್ಟಿ ಉಳಿದಿರಬಾರದು. ಬೆಂದ ಮೀನು ತಾಜಾ ಆಗಿದ್ದರೆ ಬೆರಳು ತಾಗಿದಾಗ ಪದರವಾಗಿ ಬಿಡಿಸಿಕೊಳ್ಳುತ್ತದೆ. ಹಳತಾಗಿದ್ದರೆ ಹಿಟ್ಟಾಗುತ್ತದೆ ಅಥವಾ ಮುಳ್ಳಿನಿಂದ ತಾನಾಗಿಯೇ ಜಾರಿ ಲೋಳೆಯಾಗುತ್ತದೆ. ಪುಳಿಮುಂಚಿಯಂತಹ ಗಟ್ಟಿ ಹುಳಿಖಾರದ ಪದಾರ್ಥದಲ್ಲಿ ವಾಸನೆ ಮರೆಯಾಗಬಹುದು, ಮಾಂಸದ ಸ್ವಭಾವ ಮರೆಯಾಗುವುದಿಲ್ಲ. ಬಂಗುಡೆ, ಬೂತಾಯಿ, ಕೇದರದಂತಹ ಮೀನುಗಳನ್ನು ಹಿಡಿದ ಮೇಲೆ ತಂಪಿನಲ್ಲಿ ಇಡದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ, ಮೈಗೆ ಕೆಡುಕು ಮಾಡುವ ಪದಾರ್ಥ ಹೆಚ್ಚುತ್ತದೆ, ಮತ್ತು ಅಡುಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ತಿನ್ನುವಾಗ ನಾಲಿಗೆಯ ಮೇಲೆ ಮೆಣಸಿನದ್ದಲ್ಲದ ಒಂದು ಚುರುಗುಟ್ಟುವಿಕೆ ಕಂಡುಬಂದರೆ, ಮುಖ ಕೆಂಪಾಗಿ ಬಿಸಿಯಾದಂತೆ ಅನಿಸಿದರೆ, ಅಲ್ಲಿಗೆ ನಿಲ್ಲಿಸಬೇಕು. ಹಣ ಕೊಟ್ಟಿದ್ದೇನೆಂದು ಮುಗಿಸಲು ಹೋಗಬಾರದು.

ಹೋಟೆಲಿನಿಂದ ಹೊರಬಂದ ಒಂದು ಗಂಟೆಯೊಳಗೆ, ಬಸ್ಸಿನಲ್ಲಿಯೇ ಆದರೂ ಸರಿ, ಟಿಪ್ಪಣಿ ಬರೆದುಕೊಳ್ಳಬೇಕು. ಹೋದ ದಿನ, ಹೊತ್ತು, ತರಿಸಿದ್ದು, ಅದರ ಬೆಲೆ, ಕಾದ ನಿಮಿಷಗಳು, ಮತ್ತು ಪ್ರತಿಯೊಂದರ ಬಗ್ಗೆ ಒಂದೆರಡು ಮಾತು ಇದ್ದರೆ ಸಾಕು. ಮರುದಿನಕ್ಕೆ ರುಚಿಯ ನೆನಪು ಉಳಿಯುವುದಿಲ್ಲ, ಮನಸ್ಸಿನ ಒಲವು ಮಾತ್ರ ಉಳಿಯುತ್ತದೆ.

ಬಿಲ್ಲು

ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇಕಡಾ 5. ತಮ್ಮ ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ ಕಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ಕೇಳದೆಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚನೆ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಿಲ್ಲಿನ ಚಿತ್ರ ತೆಗೆದಿಟ್ಟುಕೊಂಡರೆ ಬೆಲೆಯನ್ನು ತಪ್ಪಿಲ್ಲದೆ ಬರೆಯಬಹುದು.

ಬರೆಯುವಾಗ: ಸರಿಯಾದ ಮಾತನ್ನು ಹುಡುಕುವುದು

ಇಲ್ಲಿಯೇ ನಮ್ಮಲ್ಲಿ ಹೆಚ್ಚಿನವರು ಸೋಲುತ್ತಾರೆ. ಸೂಪರ್, ಅದ್ಭುತ, ಪರವಾಗಿಲ್ಲ, ಮೋಸ ಎಂಬ ನಾಲ್ಕೇ ಮಾತುಗಳಲ್ಲಿ ಎಲ್ಲ ಅಡುಗೆಯನ್ನೂ ಮುಗಿಸಿಬಿಡುತ್ತಾರೆ. ಆ ಮಾತುಗಳಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ, ಅಡುಗೆಯವನಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಆದರೆ ಕನ್ನಡದಲ್ಲಿ ಈ ಕೆಲಸಕ್ಕೆ ಬೇಕಾದ ಮಾತುಗಳು ಮನೆಯ ಹಿರಿಯರ ಬಾಯಲ್ಲಿ ಧಾರಾಳವಾಗಿವೆ. ಎಣ್ಣೆಯದ್ದು ಕಮಟು, ಹಳೆಯ ಹಿಟ್ಟಿನದ್ದು ಮುಗ್ಗಲು, ಬೇಯದ ಮಸಾಲೆಯದ್ದು ಹಸಿವಾಸನೆ, ಬೆಂಕಿ ಹೆಚ್ಚಾದದ್ದು ಸೀದ ವಾಸನೆ, ಒಣಮೆಣಸು ಹುರಿಯುವಾಗಿನದ್ದು ಘಾಟು, ಬಾಳೆಕಾಯಿಯದ್ದು ಒಗರು. ತೆಂಗಿನ ಚಟ್ನಿ ಹಳಸಲು ತೊಡಗಿದಾಗ ಬರುವ ಹುಳಿಗೂ ಅದಕ್ಕೆ ಹಾಕಿದ ಹುಣಸೆಯ ಹುಳಿಗೂ ಇರುವ ವ್ಯತ್ಯಾಸವನ್ನು ನನ್ನ ಅಜ್ಜಿ ಮೂಗಿನಿಂದಲೇ ಹೇಳುತ್ತಿದ್ದರು, ಮತ್ತು ಎರಡಕ್ಕೂ ಬೇರೆ ಬೇರೆ ಮಾತು ಬಳಸುತ್ತಿದ್ದರು. ಉದುರುದುರು, ಗರಿಗರಿ, ಮೆದು, ಅಂಟಂಟು, ಲೋಳೆ ಎಂಬ ಮಾತುಗಳು ಕೈಗೂ ಹಲ್ಲಿಗೂ ತಿಳಿಯುವ ಗುಣಗಳನ್ನು ಹೇಳುತ್ತವೆ. ಸಾಂಬಾರು ಚೆನ್ನಾಗಿರಲಿಲ್ಲ ಎಂದು ಬರೆಯುವ ಬದಲು, ಸಾಂಬಾರಿನಲ್ಲಿ ಮಸಾಲೆಯ ಹಸಿವಾಸನೆ ಉಳಿದಿತ್ತು, ನುಗ್ಗೆಕಾಯಿ ಬೆಂದಿತ್ತು ಆದರೆ ಉಪ್ಪು ಹಿಡಿದಿರಲಿಲ್ಲ ಎಂದು ಬರೆದರೆ ಅದು ತೀರ್ಪೂ ಹೌದು, ಸಾಕ್ಷ್ಯವೂ ಹೌದು.

ಕಂಡದ್ದನ್ನೂ ಅನಿಸಿದ್ದನ್ನೂ ಬೇರೆಯಾಗಿಡಬೇಕು. ಇಪ್ಪತ್ತೈದು ನಿಮಿಷ ಕಾದೆವು ಎಂಬುದು ಕಂಡದ್ದು. ನಿಧಾನದ ಹೋಟೆಲು ಎಂಬುದು ಅನಿಸಿದ್ದು. ತನ್ನ ನಾಲಿಗೆ ಯಾವ ಮನೆಯದ್ದು ಎಂಬುದನ್ನೂ ಬರೆಯುವವರು ಒಂದು ವಾಕ್ಯದಲ್ಲಿ ತಿಳಿಸಿಬಿಡುವುದು ಒಳ್ಳೆಯದು. ನಾನು ತಂಬುಳಿ, ಮೇಲಾರ, ಕೊದಿಲು ಉಂಡು ಬೆಳೆದವನು, ಖಾರವನ್ನು ಹೆಚ್ಚು ತಾಳಲಾರೆ ಎಂದು ತಿಳಿಸಿದರೆ, ಖಾರ ಜಾಸ್ತಿಯಾಯಿತೆಂಬ ನನ್ನ ಮಾತನ್ನು ಓದುಗ ತನ್ನ ನಾಲಿಗೆಗೆ ತಕ್ಕಂತೆ ತೂಗಿಕೊಳ್ಳುತ್ತಾನೆ. ಬೆಲೆ ಮತ್ತು ಪ್ರಮಾಣವನ್ನು ಬಿಟ್ಟುಬಿಡಬಾರದು. ಸಾಮಾನ್ಯ ಊಟದ ಹೋಟೆಲಿನಿಂದ ದೊಡ್ಡ ರೆಸ್ಟೋರೆಂಟಿನ ಸಜ್ಜನ್ನು ನಿರೀಕ್ಷಿಸುವುದೂ ತಪ್ಪು, ದೊಡ್ಡ ಬೆಲೆ ತೆಗೆದುಕೊಳ್ಳುವವರ ತಣ್ಣಗಿನ ಪರೋಟವನ್ನು ಅವರ ದೀಪಾಲಂಕಾರಕ್ಕಾಗಿ ಕ್ಷಮಿಸುವುದೂ ತಪ್ಪು. ಬಡಿಸುವವರ ಹೆಸರನ್ನು, ಮುಖದ ಚಿತ್ರವನ್ನು ಹಾಕಬಾರದು. ಅನೇಕರು ದೂರದ ಊರುಗಳಿಂದ ದುಡಿಯಲು ಬಂದವರು. ಕಿಕ್ಕಿರಿದ ಹೊತ್ತಿನಲ್ಲಿ ನಾಲ್ಕು ಮೇಜಿಗೆ ಒಬ್ಬನೇ ಓಡಾಡುತ್ತಿದ್ದರೆ ತಪ್ಪು ಅವನದ್ದಲ್ಲ, ಇನ್ನೊಬ್ಬನನ್ನು ನೇಮಿಸದವರದ್ದು.

ಗಂಭೀರವಾದ ದೋಷ ಕಂಡಾಗ

ರುಚಿಯ ಕೊರತೆ ಒಂದು, ಆರೋಗ್ಯದ ಅಪಾಯ ಇನ್ನೊಂದು. 2022ರ ಮೇ ತಿಂಗಳ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮ ತಿಂದಿದ್ದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಅದನ್ನು ನೆನೆದಾಗಲೆಲ್ಲ, ಹಾಳಾದ ಮಾಂಸದ ಬಗ್ಗೆ ಸಂಕೋಚದಿಂದ ಸುಮ್ಮನಿರುವುದು ಸೌಜನ್ಯವಲ್ಲ ಎಂದು ನನಗೆ ಅನಿಸುತ್ತದೆ. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು. ಪಾರ್ಸೆಲ್ ಪೊಟ್ಟಣದ ಮೇಲೆ ತಯಾರಿಸಿದ ದಿನ, ಹೊತ್ತು ಮತ್ತು ಎಷ್ಟರೊಳಗೆ ತಿನ್ನಬೇಕೆಂಬುದನ್ನು ನಮೂದಿಸಬೇಕೆಂದೂ ಆಗಲೇ ನಿಯಮ ಬಂತು. ಪಾರ್ಸೆಲ್ ತಂದವರು ಈ ಚೀಟಿ ಇತ್ತೇ ಎಂಬುದನ್ನು ಬರೆಯಬೇಕು; ಮನೆಗೆ ತಂದು ಮೂರು ಗಂಟೆ ಕಳೆದು ತಿಂದು ಹೋಟೆಲನ್ನು ದೂರಬಾರದು.

ಹಳಸಿದ ಪದಾರ್ಥ ಬಂದರೆ ಮೊದಲು ಬಡಿಸಿದವರನ್ನು ಕರೆದು, ದನಿ ಏರಿಸದೆ, "ಚೇಟ್ಟಾ, ಇದನ್ನೊಮ್ಮೆ ನೀವೇ ಮೂಸಿ ನೋಡಿ" ಎಂದು ತೋರಿಸಿ. ಅವರು ಏನು ಮಾಡಿದರು ಎಂಬುದೂ ನಿಮ್ಮ ಬರಹದ ಭಾಗ. ಕ್ಷಮೆ ಕೇಳಿ ಬದಲಾಯಿಸಿದರೆ ಅದನ್ನು ಬರೆಯಿರಿ. ವಾದಿಸಿದರೆ ಅದನ್ನೂ ಬರೆಯಿರಿ. ಹೊಟ್ಟೆ ಕೆಟ್ಟಿದ್ದರೆ ವೈದ್ಯರನ್ನು ಕಂಡು, ಆಹಾರ ಸುರಕ್ಷಾ ಇಲಾಖೆಗೆ ದೂರು ಕೊಡಬೇಕು. ಬೆಲೆ ಮತ್ತು ಬಿಲ್ಲಿನ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ತಿಂದ ಒಂದು ಗಂಟೆಗೇ ಹೊಟ್ಟೆನೋವು ಬಂತೆಂದು ಆ ಹೋಟೆಲಿನ ಮೇಲೆಯೇ ಅಪವಾದ ಹೊರಿಸುವ ಮೊದಲು ಹಿಂದಿನ ದಿನ ಏನು ತಿಂದಿದ್ದೆವೆಂದು ಯೋಚಿಸಬೇಕು. ಕೆಡುಕು ತರುವ ಅನೇಕ ಸೂಕ್ಷ್ಮಾಣುಗಳು ಲಕ್ಷಣ ತೋರಿಸಲು ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತವೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವನ್ನು ಮಾನಹಾನಿಯೆಂದು ಎಣಿಸುವುದಿಲ್ಲ. ಸತ್ಯವೆಂದು ತೋರಿಸುವ ಹೊಣೆ ಬರೆದವರ ಮೇಲಿರುತ್ತದೆ ಎಂಬುದನ್ನು ನೆನಪಿಟ್ಟು, ಬಿಲ್ಲು, ಚಿತ್ರ, ಹೊತ್ತು ಎಲ್ಲವನ್ನೂ ಕಾದಿರಿಸಿಕೊಳ್ಳಬೇಕು.

ಇನ್ನೊಮ್ಮೆ ಹೋಗುವುದು

ಕಟುವಾದ ಮಾತು ಬರೆಯಬೇಕಾಗಿ ಬಂದರೆ, ಆರೋಗ್ಯದ ಅಪಾಯದ ಸಂದರ್ಭವನ್ನು ಬಿಟ್ಟು, ಇನ್ನೊಂದು ದಿನ ಬೇರೆ ಹೊತ್ತಿನಲ್ಲಿ ಹೋಗಿ ಉಂಡ ಮೇಲೆಯೇ ಬರೆಯುವುದೆಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಸಣ್ಣ ಹೋಟೆಲಿನಲ್ಲಿ ಅಡುಗೆಯವರು ಒಂದು ದಿನ ರಜೆ ಹಾಕಿದರೆ ರುಚಿಯೇ ಬದಲಾಗುತ್ತದೆ. ಎರಡು ಸಲವೂ ಅದೇ ದೋಷ ಕಂಡರೆ ಹಿಂಜರಿಯದೆ ಬರೆಯುತ್ತೇನೆ. ಬರೆದ ಮೇಲೂ ವರ್ಷಕ್ಕೊಮ್ಮೆ ಹೋಗಿ, ಬೆಲೆ ಬದಲಾಗಿದ್ದರೆ, ಅಡುಗೆಯವರು ಬದಲಾಗಿದ್ದರೆ, ಹಳೆಯ ಮಾತನ್ನು ಅಳಿಸದೆ ಅದರ ಕೆಳಗೆ ದಿನಾಂಕ ಹಾಕಿ ಹೊಸ ಮಾತನ್ನು ಸೇರಿಸುತ್ತೇನೆ. ಹೊಸದುರ್ಗದ ಆ ಹೋಟೆಲಿನ ಬಗ್ಗೆ ಬರೆದದ್ದರ ಕೆಳಗೆ ಈಗ ಹೀಗಿದೆ: "ಈ ಕಡೆಯ ಸಾಂಬಾರಿಗೆ ಬೆಲ್ಲ ಹಾಕುವ ಕ್ರಮವಿಲ್ಲ, ಮೇಲೆ ಬರೆದದ್ದು ನನ್ನ ತಪ್ಪು ತಿಳಿವಳಿಕೆ. ಎರಡನೆಯ ಸಲ ಉಂಡಾಗ ಹುರಿದ ತೆಂಗಿನಕಾಯಿಯ ಪರಿಮಳ, ಹುಳಿ, ಉಪ್ಪು ಮೂರೂ ಹದವಾಗಿದ್ದವು. ಪಲ್ಯದ ತೊಂಡೆಕಾಯಿ ಮಾತ್ರ ಎರಡು ಸಲವೂ ಬಲಿತದ್ದಾಗಿತ್ತು."